ಹಾಡು ಮುಗಿಯಲು ಬಿಡದ ಆ್ಯಪ್‌ಗೆ ಮೂರು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಇದು ಸೌಂಡ್ ಕ್ವಾಲಿಟಿ ಬಗ್ಗೆ ಬರೆದ ರಿವ್ಯೂ ಅಲ್ಲ. ಸೌಂಡ್ ಚೆನ್ನಾಗಿದೆ. ಹಾಡುಗಳು ಬೇಕಾದಷ್ಟಿವೆ, ಡೌನ್‌ಲೋಡ್ ಸಲೀಸು, ಬ್ಯಾಟರಿಯನ್ನೂ ಜಾಸ್ತಿ ತಿನ್ನುವುದಿಲ್ಲ. ಈ ಮ್ಯೂಸಿಕ್ ಆ್ಯಪ್‌ನ ಹೆಸರು ಹೇಳುವುದಿಲ್ಲ. ನನ್ನ ದೂರು ಇಂಥ ಎಲ್ಲ ಆ್ಯಪ್‌ಗಳಿಗೂ ಹೆಚ್ಚುಕಡಿಮೆ ಹೊಂದುತ್ತದೆ. ನನಗೆ 22 ವರ್ಷ. ಭಾನುವಾರ ಚರ್ಚ್‌ನ ಆರಾಧನೆಯಲ್ಲಿ ಗಿಟಾರ್ ನುಡಿಸುತ್ತೇನೆ. ಬಸ್ಸಿನಲ್ಲಿ ಪಾಪ್ ಕೇಳುವುದು, ರಾತ್ರಿ ಪ್ರಾರ್ಥನೆಗೆ ಹಾಡು ಹಾಕಿಕೊಳ್ಳುವುದು, ಭಾನುವಾರಕ್ಕೆ ಹೊಸ ಹಾಡು ಕಲಿಯುವುದು, ಎಲ್ಲವೂ ಒಂದು ವರ್ಷದಿಂದ ಇದರಲ್ಲೇ.

ಒಂದು ರಾತ್ರಿ ನಡೆದದ್ದು. ಮನಸ್ಸು ಸರಿ ಇರಲಿಲ್ಲ. ಲೈಟ್ ಆರಿಸಿ, ಮಂಚದ ಪಕ್ಕ ಮೊಣಕಾಲೂರಿ, ಇಯರ್‌ಫೋನ್ ಹಾಕಿಕೊಂಡು ಒಂದು ನಿಧಾನದ ಆರಾಧನೆ ಗೀತೆ ಹಾಕಿದೆ. ಏಳು ನಿಮಿಷದ ಹಾಡು. ಐದನೇ ನಿಮಿಷಕ್ಕೆ ಕಣ್ಣು ತುಂಬಿತ್ತು. ಕೊನೆಯ ಸ್ವರ ಇನ್ನೂ ಕಿವಿಯಲ್ಲಿರುವಾಗಲೇ ಒಬ್ಬ ಗಂಡಸು ಭಾರಿ ಉತ್ಸಾಹದಿಂದ, "ಬೆನ್ನು ನೋವಾ?" ಎಂದು ಕೇಳಿದ. ಹಾಸಿಗೆಯ ಜಾಹೀರಾತು. ಅದು ಮುಗಿದ ಕೂಡಲೇ ಒಂದು ಡ್ಯಾನ್ಸ್ ಹಾಡು ಶುರುವಾಯಿತು. ನಗು ತಡೆಯಲಾಗಲಿಲ್ಲ, ಜೋರಾಗಿಯೇ ನಕ್ಕೆ. ಆಮೇಲೆ ನೋಡಿಕೊಂಡರೆ ಇನ್ನೂ ಮೊಣಕಾಲ ಮೇಲೇ ಇದ್ದೇನೆ, ಬೆರಳು ಮಾತ್ರ ಮಂಚದ ಅಂಚಿನ ಮೇಲೆ ಡ್ಯಾನ್ಸ್ ಹಾಡಿಗೆ ತಾಳ ಹಾಕುತ್ತಿದೆ. ಒಂದು ನಿಮಿಷದ ಹಿಂದೆ ದೇವರ ಹತ್ತಿರ ಏನು ಕೇಳುತ್ತಿದ್ದೆ ಎನ್ನುವುದೇ ಮರೆತುಹೋಗಿತ್ತು.

ಜಾಹೀರಾತು ಬೇಡ ಎಂದರೆ ದುಡ್ಡು ಕಟ್ಟಬೇಕು, ಅದರಲ್ಲಿ ತಪ್ಪೇನಿಲ್ಲ. ಮುಂದಿನ ತಿಂಗಳೇ ಕಟ್ಟಿದೆ. ಜಾಹೀರಾತು ಹೋಯಿತು. ಡ್ಯಾನ್ಸ್ ಹಾಡು ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಎಂದರೆ, ಅದನ್ನು ಕರೆದವರು ನಾವೇ. ನೀವು ಕೇಳಿದ ಹಾಡನ್ನೇ ಕೇಳಿದ ಬೇರೆಯವರು ಇನ್ನೇನು ಕೇಳಿದರು, ನೀವು ಯಾವುದನ್ನು ಅರ್ಧಕ್ಕೆ ಬಿಟ್ಟಿರಿ, ಯಾವುದನ್ನು ಸೇವ್ ಮಾಡಿದಿರಿ, ಇದನ್ನೆಲ್ಲ ಕೂಡಿಸಿ ಕಳೆದು ಆ್ಯಪ್ ಮುಂದಿನ ಹಾಡು ಆರಿಸುತ್ತದೆ. ಬೆಳಿಗ್ಗೆ ಬಸ್ಸಿನಲ್ಲಿ ಕೇಳಿದ್ದೂ ರಾತ್ರಿ ಮೊಣಕಾಲ ಮೇಲೆ ಕೇಳಿದ್ದೂ ಅದಕ್ಕೆ ಒಂದೇ ಖಾತೆ. ಮೊದಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಅದರ ಲೆಕ್ಕ ಸರಿಯಾಗಿಯೇ ಇದೆ. ಎರಡೂ ನಾನೇ.

ಯುವಜನ ಸಭೆಯಲ್ಲಿ ಈ ವಿಷಯ ಎತ್ತಿದರೆ ಸಾಕು, ಮಾತು ತಕ್ಷಣ "ಲೋಕದ ಹಾಡು ಕೇಳಬಹುದೋ ಇಲ್ಲವೋ" ಎನ್ನುವ ಹಳೇ ಜಗಳಕ್ಕೆ ಹೋಗುತ್ತದೆ. (ಲೋಕದ ಹಾಡು ಎಂದರೆ ಭಕ್ತಿಗೀತೆ ಅಲ್ಲದ್ದು.) ಹಿರಿಯರು ಡ್ರಮ್ಸ್ ಬೇಡ ಎನ್ನುತ್ತಾರೆ. ನಮ್ಮ ಪೈಕಿ ಒಬ್ಬರು ಎದ್ದು, ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ ಹೆಂಡದಂಗಡಿಯ ರಾಗಗಳಿಗೇ ಭಕ್ತಿಗೀತೆ ಬರೆದರು ಅಲ್ವಾ ಎನ್ನುತ್ತಾರೆ. ಅದು ನಿಜ ಅಲ್ಲ. ಜರ್ಮನ್ ಹಾಡುಗಾರಿಕೆಯಲ್ಲಿ ಬಾರ್ ಎನ್ನುವುದು ಒಂದು ಪದ್ಯದ ಅಚ್ಚು: ಒಂದೇ ರಾಗ ಎರಡು ಸಲ, ಆಮೇಲೆ ಬೇರೆ ರಾಗ ಒಂದು ಸಲ. ಆ ಬಾರ್ ಅನ್ನು ಕುಡಿಯುವ ಬಾರ್ ಎಂದು ಓದಿಕೊಂಡು ಕತೆ ಬೆಳೆದಿರಬೇಕು ಎನ್ನುತ್ತಾರೆ. ಡ್ರಮ್ಸ್ ಪರವಾಗಿ ವಾದಿಸುವುದಾದರೆ ಸುಳ್ಳಿನ ಸಹಾಯ ಬೇಕಾಗಿಲ್ಲ, ಸುಮ್ನೆ ಬೈಬಲಿನ 150ನೇ ಕೀರ್ತನೆ ತೆಗೆದು ಓದಿದರೆ ಸಾಕು. ದಮ್ಮಡಿ, ತಾಳ, ಕುಣಿತ ಎಲ್ಲ ಅಲ್ಲೇ ಇದೆ.

ಇನ್ನು ಆ್ಯಪ್‌ನಲ್ಲಿರುವ ಅಶ್ಲೀಲ ಹಾಡು ತಡೆಯುವ ಸ್ವಿಚ್. 1985ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ರಾಜಕಾರಣಿಗಳ ಹೆಂಡತಿಯರು ಸೇರಿ ಒಂದು ಗುಂಪು ಕಟ್ಟಿ ಅಶ್ಲೀಲ ಹಾಡುಗಳ ವಿರುದ್ಧ ಗಲಾಟೆ ಎಬ್ಬಿಸಿದರು. ಸೆನೆಟ್‌ನಲ್ಲಿ ವಿಚಾರಣೆ ನಡೆಯಿತು, ಆಲ್ಬಮ್‌ಗಳ ಮೇಲೆ ಎಚ್ಚರಿಕೆಯ ಚೀಟಿ ಬಂತು. ಈಗ ಹಾಡಿನ ಹೆಸರಿನ ಪಕ್ಕ ಕಾಣುವ ಪುಟ್ಟ ಇ (E, ಅಂದರೆ ಎಕ್ಸ್‌ಪ್ಲಿಸಿಟ್) ಗುರುತು ಅದರ ಮೊಮ್ಮಗು. ಮೂರು ತಿಂಗಳು ಆ ಸ್ವಿಚ್ ಹಾಕಿಯೇ ಇಟ್ಟಿದ್ದೆ. ಕೆಟ್ಟ ಪದ ಇರುವ ಹಾಡು ನಿಂತವು. ದುಡ್ಡೇ ಎಲ್ಲ, ನಾನೇ ದೊಡ್ಡವನು, ನೀನು ಬಿಟ್ಟುಹೋದರೆ ನಿನ್ನನ್ನು ಹಾಳು ಮಾಡುತ್ತೇನೆ ಎನ್ನುವ ಹಾಡುಗಳು ಆರಾಮವಾಗಿ ಒಳಗೆ ಬಂದವು, ಅವುಗಳಲ್ಲಿ ಕೆಟ್ಟ ಪದ ಇಲ್ಲವಲ್ಲ. ಆದರೆ ಅಪ್ಪನ ಸಾವಿನ ಮೇಲೆ ಒಬ್ಬ ಹುಡುಗ ಬರೆದ ಒಂದು ರ‍್ಯಾಪ್, ನಿಜವಾಗಿ ನೊಂದವರು ಮಾತಾಡುವ ಹಾಗೇ ಇರುವುದು, ಒಂದೇ ಒಂದು ಬೈಗುಳಕ್ಕೆ ಮಸುಕಾಗಿ ಕೂತಿತ್ತು. ಶತ್ರುವಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವ ಮಾತಿರುವ 137ನೇ ಕೀರ್ತನೆಯ ಕೊನೆಯ ವಚನಕ್ಕೆ ಯಾರಾದರೂ ರಾಗ ಹಾಕಿ ಅಪ್‌ಲೋಡ್ ಮಾಡಿದರೆ ಈ ಸ್ವಿಚ್ ಏನು ಮಾಡುತ್ತದೋ ನೋಡಬೇಕು. ಈಗ ಆಫ್ ಮಾಡಿದ್ದೇನೆ. ಮಕ್ಕಳಿಗೆ ಫೋನ್ ಕೊಡುವವರು ಆನ್ ಇಟ್ಟುಕೊಳ್ಳಿ, ಅದರಿಂದ ಹೆಚ್ಚೇನೂ ನಿರೀಕ್ಷಿಸಬೇಡಿ ಅಷ್ಟೇ.

ಆ್ಯಪ್‌ನವರೇ ಮಾಡಿಟ್ಟ ಆರಾಧನೆ ಪ್ಲೇಲಿಸ್ಟ್‌ಗಳು ನನಗೆ ಹೆಚ್ಚು ತೊಂದರೆ ಕೊಟ್ಟವು. ಹಾಡುಗಳು ಕೆಟ್ಟವಲ್ಲ. ಎಲ್ಲವೂ ಒಂದೇ ಹಾಡು. ಕೆಳಗೆ ತೇಲುವ ಒಂದು ಪ್ಯಾಡ್ ಸೌಂಡ್ (ಕೀಬೋರ್ಡಿನ ಎಳೆದ ಸ್ವರ), ಗಿಟಾರಿಗೆ ಒದ್ದೆ ಬಟ್ಟೆಯಷ್ಟು ರಿವರ್ಬ್ (ಪ್ರತಿಧ್ವನಿ), ನಾಲ್ಕು ಸ್ವರಗುಚ್ಛ, ಹಾಡಿನ ಕೊನೆಯ ಕಡೆ ಬರುವ ಬೇರೆ ರಾಗದ ಬ್ರಿಡ್ಜ್ ನಾಲ್ಕು ಸಲ, ಮೂರನೇ ಸಲಕ್ಕೆ ಡ್ರಮ್ಸ್ ಏರುತ್ತದೆ, ನಾಲ್ಕನೇ ಸಲಕ್ಕೆ ಎಲ್ಲ ನಿಂತು ದನಿ ಮಾತ್ರ ಉಳಿಯುತ್ತದೆ, ಅಲ್ಲಿ ಕಣ್ಣೀರು. ನನಗೆ ಗೊತ್ತು, ನಾನೇ ಅದನ್ನು ವೇದಿಕೆಯ ಮೇಲೆ ಮಾಡುತ್ತೇನೆ. ಗಿಟಾರಿನ ಸೌಂಡ್ ಬದಲಿಸುವ ಪೆಡಲ್ ಒತ್ತುವ ಕಾಲು ನನ್ನದೇ. ಸಭೆ ಮುಗಿದ ಮೇಲೆ ಒಬ್ಬರು ಬಂದು "ಇವತ್ತು ಅಭಿಷೇಕ ಇತ್ತು" ಎಂದು, ಅಂದರೆ ಪವಿತ್ರಾತ್ಮ ಇಳಿದ ಹಾಗಿತ್ತು ಎಂದು, ಕೈ ಹಿಡಿದಾಗ ಸಂತೋಷವೂ ಆಗುತ್ತದೆ, ಒಳಗೊಳಗೆ ಕಸಿವಿಸಿಯೂ ಆಗುತ್ತದೆ. ಎಷ್ಟು ಅಭಿಷೇಕ, ಎಷ್ಟು ಪೆಡಲ್? ಸಂತ ಅಗಸ್ಟಿನ್‌ಗೂ 1600 ವರ್ಷಗಳ ಹಿಂದೆ ಇದೇ ಕಸಿವಿಸಿ ಇತ್ತು. ಹಾಡಿದ ವಿಷಯಕ್ಕಿಂತ ಹಾಡುವ ದನಿಯೇ ತನ್ನನ್ನು ಹೆಚ್ಚು ಕಲಕಿದರೆ ಅದು ಪಾಪ ಎಂದು ಒಪ್ಪಿಕೊಳ್ಳುತ್ತಾರೆ, ಹಾಗಾದಾಗ ಹಾಡು ಕೇಳದಿದ್ದರೇ ಚೆನ್ನಾಗಿತ್ತು ಎನ್ನುತ್ತಾರೆ, ಆದರೂ ಸಭೆಯಲ್ಲಿ ಹಾಡು ಇರಲಿ ಎಂದೇ ಹೇಳುತ್ತಾರೆ. ಅವರ ಬಳಿ ಪ್ಯಾಡ್ ಸೌಂಡ್ ಇರಲಿಲ್ಲ.

ಆ ಪ್ಲೇಲಿಸ್ಟ್‌ಗಳಲ್ಲಿ ಗೋಳೂ ಇಲ್ಲ. ಎಲ್ಲ ಜಯ, ಎಲ್ಲ ಬೆಳಕು. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಅಳುವ, ದೂರುವ, ಎಷ್ಟು ದಿನ ಕರ್ತನೇ ಎಂದು ಜಗಳಾಡುವ ಕೀರ್ತನೆಗಳು. 88ನೆಯದಂತೂ ಹೀಬ್ರೂ ಮೂಲದಲ್ಲಿ ಕತ್ತಲೆ ಎನ್ನುವ ಪದದಲ್ಲೇ ನಿಂತುಹೋಗುತ್ತದೆ. ಅದಕ್ಕೆ ಬ್ರಿಡ್ಜ್ ಇಲ್ಲ. ಮನಸ್ಸು ಸರಿ ಇಲ್ಲದ ದಿನ ನನಗೆ ಆ ಥರದ ಹಾಡು ಸಿಕ್ಕಿದ್ದು ಪಾಪ್ ಕಡೆಯಿಂದ. ನಂಬಿಕೆಯೇ ಇಲ್ಲದ ಯಾರೋ ರಾತ್ರಿ ಮೂರು ಗಂಟೆಗೆ ಹಾಡಿದ ಹಾಗಿದ್ದ ಹಾಡನ್ನು ಕೇಳಿ ನಾನು ಪ್ರಾರ್ಥಿಸಿದ್ದೇನೆ. ಇದನ್ನು ನಮ್ಮ ಪಾಸ್ಟರ್‌ಗೆ ಹೇಳಿದೆ. ಅವರು ಬೈಯಲಿಲ್ಲ, ಹಾಡಿನ ಲಿಂಕ್ ಕಳಿಸು ಎಂದರು.

ಈ ಆ್ಯಪ್‌ಗೆ ಒಂದು ದೊಡ್ಡ ಥ್ಯಾಂಕ್ಸ್ ಹೇಳಲೇಬೇಕು. ಒಂದು ಮಧ್ಯಾಹ್ನ ಬ್ಲೂಸ್ ಗಿಟಾರ್ ಕಲಿಯಲು ಹುಡುಕುತ್ತಿದ್ದಾಗ ಇದು ನನಗೆ ಅಮೆರಿಕದ ಗಾಯಕಿ ಸಿಸ್ಟರ್ ರೊಸೆಟ್ಟಾ ಥಾರ್ಪ್ ಅವರನ್ನು ತೋರಿಸಿತು. ಹೆಗಲಿಗೆ ಎಲೆಕ್ಟ್ರಿಕ್ ಗಿಟಾರ್ ಏರಿಸಿ ಯೇಸುವಿನ ಬಗ್ಗೆ ಹಾಡುವ ಹೆಂಗಸು, ಕೈ ನೋಡಿದರೆ ರಾಕ್ ಅಂಡ್ ರೋಲ್. 1938ರಲ್ಲೇ ಭಕ್ತಿಗೀತೆಗಳನ್ನು ರೆಕಾರ್ಡ್ ಮಾಡಿ, ನೈಟ್‌ಕ್ಲಬ್‌ನಲ್ಲೂ ಹಾಡಿದರು. ಸಭೆಯವರಲ್ಲಿ ಅನೇಕರು ಮುಖ ತಿರುಗಿಸಿದರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನವರು ಅವರನ್ನು ಸೇರಿಸಿಕೊಂಡಿದ್ದು 2018ರಲ್ಲಿ, ಅವರು ತೀರಿಕೊಂಡು 44 ವರ್ಷ ಆದ ಮೇಲೆ. ಅಲ್ಲಿಂದ ದಾರಿ ಥಾಮಸ್ ಡಾರ್ಸಿಯವರ ಕಡೆ ಹೋಯಿತು. ಅವರು ಬ್ಲೂಸ್ ಪಿಯಾನೋ ನುಡಿಸುತ್ತಿದ್ದವರು. 1932ರಲ್ಲಿ ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡರು, ಮಗುವೂ ಉಳಿಯಲಿಲ್ಲ. ಆ ದುಃಖದಲ್ಲಿ ಬರೆದ ಹಾಡನ್ನು ಇಂದಿಗೂ ಜನ ಸಾವಿನ ಮನೆಯಲ್ಲಿ ಹಾಡುತ್ತಾರೆ. ಲೋಕದ ಹಾಡು, ದೇವರ ಹಾಡು ಎಂದು ನಾವು ಎಳೆಯುವ ಗೆರೆಯ ಮೇಲೇ ಇಬ್ಬರೂ ನಡೆದವರು. ಯಾವ ಸಂಡೇ ಸ್ಕೂಲಿನಲ್ಲೂ ಇವರ ಹೆಸರು ನನಗೆ ಸಿಕ್ಕಿರಲಿಲ್ಲ.

ನಾವು ಏನೇನು ಹೆಚ್ಚು ಕೇಳಿದೆವು ಎಂದು ವರ್ಷದ ಕೊನೆಗೆ ಆ್ಯಪ್ ಕಳಿಸುವ ಲೆಕ್ಕದ ಕಾರ್ಡ್ ಬಗ್ಗೆ ಬರೆಯಲು ನಾಚಿಕೆ. ನನ್ನದರಲ್ಲಿ ಮೊದಲ ಸ್ಥಾನ ಪ್ರೇಮ ಮುರಿದ ಹಾಡುಗಳ ಗಾಯಕಿಗೆ. ಆರಾಧನೆ ಗೀತೆ ನಾಲ್ಕನೇ ಜಾಗದಲ್ಲಿ. ಕಾರ್ಡನ್ನು ಸ್ಟೇಟಸ್‌ಗೆ ಹಾಕಲಿಲ್ಲ. ಸ್ನೇಹಿತೆಯ ಕಾರ್ಡಿನಲ್ಲಿ ಐದಕ್ಕೆ ಐದೂ ಆರಾಧನೆ ಗೀತೆ, ಅವಳು ಹಾಕಿದಳು, ಕೈ ಮುಗಿಯುವ ಇಮೋಜಿ ಸಮೇತ. ನನ್ನದೂ ಹಾಗೆ ಬಂದಿದ್ದರೆ ಒಂದು ನಿಮಿಷವೂ ತಡ ಮಾಡದೆ ಹಾಕುತ್ತಿದ್ದೆ, ಅದು ಗೊತ್ತಿದ್ದೇ ನಾಚಿಕೆ. ಜನ ನೋಡಲಿ ಎಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರ ಬಗ್ಗೆ ಬೈಬಲಿನ ಮತ್ತಾಯ 6ರಲ್ಲಿ ಓದುವಾಗ ಯಾವಾಗಲೂ ಬೇರೆ ಯಾರದೋ ಮುಖ ನೆನಪಾಗುತ್ತಿತ್ತು. (ಬೈಬಲ್ ಆ್ಯಪ್‌ನ ಸ್ಟ್ರೀಕ್, ಅಂದರೆ ದಿನ ತಪ್ಪದೆ ಓದಿದ ಲೆಕ್ಕ, ಉಳಿಸಿಕೊಳ್ಳಲು ರಾತ್ರಿ 11:58ಕ್ಕೆ ಒಂದೇ ವಚನ ಓದಿ ಮಲಗಿದ್ದೂ ಉಂಟು. ಅದರ ರಿವ್ಯೂ ಇನ್ನೊಂದು ದಿನ.)

ಎರಡು ಸ್ಟಾರ್ ಕಳೆದದ್ದು ಇದಕ್ಕೆಲ್ಲ ಅಲ್ಲ. ಹಾಸಿಗೆ ಜಾಹೀರಾತಿನ ರಾತ್ರಿಯ ತೊಂದರೆಗೆ.

ಕೀರ್ತನೆಗಳಲ್ಲಿ ಸೆಲಾ ಎನ್ನುವ ಪದ 71 ಸಲ ಬರುತ್ತದೆ, ಬೈಬಲಿನ ಹಬಕ್ಕೂಕನ ಪುಸ್ತಕದಲ್ಲಿ ಇನ್ನೂ 3 ಸಲ. ಅರ್ಥ ಯಾರಿಗೂ ಖಚಿತವಿಲ್ಲ. ಇಲ್ಲಿ ಸ್ವಲ್ಪ ನಿಲ್ಲಿ ಎಂದೋ, ಇಲ್ಲಿ ವಾದ್ಯ ಮಾತ್ರ ಎಂದೋ ಹಾಡುವವರಿಗೆ ಬರೆದ ಗುರುತು ಇರಬೇಕು ಎನ್ನುತ್ತಾರೆ. ಚಿಕ್ಕವಯಸ್ಸಿನಲ್ಲಿ ಗಟ್ಟಿಯಾಗಿ ಓದುವಾಗ ಅದನ್ನು ಹಾರಿಸಿಬಿಡುತ್ತಿದ್ದೆವು. ಈ ಆ್ಯಪ್ ಮಾಡುವುದೂ ಅದನ್ನೇ. ಇಂಥ ಸೇವೆಗಳಲ್ಲಿ ಸಾಮಾನ್ಯವಾಗಿ 30 ಸೆಕೆಂಡ್ ಕೇಳಿದರೆ ಅದು ಒಂದು ಸ್ಟ್ರೀಮ್, ಅಂದರೆ ಹಾಡನ್ನು ಒಂದು ಸಲ ಕೇಳಿದ ಲೆಕ್ಕ. ಹಾಡು ಮುಗಿದ ಮೇಲೆ ನೀವು ಹತ್ತು ನಿಮಿಷ ಸುಮ್ಮನೆ ಕೂತರೆ ಅದಕ್ಕೆ ಲೆಕ್ಕವೇ ಇಲ್ಲ. ಹಾಗಾಗಿ ಕೂರಲು ಬಿಡುವುದಿಲ್ಲ. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಅಂಟಿಸುವ ಕ್ರಾಸ್‌ಫೇಡ್ ಬೇರೆ ಇದೆ, ಅದು ನನ್ನ ಫೋನಿನಲ್ಲಿ ಯಾವ ಅಪ್‌ಡೇಟ್‌ನಲ್ಲಿ ಆನ್ ಆಯಿತೋ ಗೊತ್ತಾಗಲೇ ಇಲ್ಲ.

ಕಸ್ಟಮರ್ ಕೇರ್‌ಗೆ ಬರೆದೆ. ಪ್ಲೇಲಿಸ್ಟ್‌ನಲ್ಲಿ ಹಾಡಿನ ಮಧ್ಯೆ ಒಂದೆರಡು ನಿಮಿಷ ಖಾಲಿ ಬಿಡುವ ಆಯ್ಕೆ ಕೊಡಿ ಎಂದು. "ಹಾಡು ನಿಂತುಹೋಗುವ ಸಮಸ್ಯೆಗೆ ಕ್ಷಮಿಸಿ, ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ" ಎಂದು ಉತ್ತರ ಬಂತು.

ಸದ್ಯಕ್ಕೆ ನಾನು ಮಾಡಿಕೊಂಡಿರುವ ಉಪಾಯ ಇದು. ಸೆಟ್ಟಿಂಗ್ಸ್‌ಗೆ ಹೋಗಿ ಆಟೋಪ್ಲೇ ಆಫ್, ಕ್ರಾಸ್‌ಫೇಡ್ ಸೊನ್ನೆ. ಪ್ರಾರ್ಥನೆಗೆ ಒಂದೇ ಹಾಡಿನ ಪ್ಲೇಲಿಸ್ಟ್, ರಿಪೀಟ್ ಇಲ್ಲದೆ. ಅದು ಮುಗಿದರೆ ಮುಗಿಯಿತು. ಮೊದಲ ದಿನ ಹಾಗೆ ಮುಗಿದಾಗ ಚಾರ್ಜ್ ಹೋಯಿತೇನೋ ಎಂದು ಫೋನ್ ಎತ್ತಿ ನೋಡಿದ್ದೆ.