ಫ್ಯೂಯಲ್ ಪಂಪ್ ಕಟ್-ಆಫ್ ಇದೆ ಅಂತ ನಂಬಿ ಕೂತಿದ್ದೀರಾ? ಒಮ್ಮೆ ಬಿಚ್ಚಿ ನೋಡಿ

ಮನೆಯಲ್ಲೇ ಬಗ್ಗಿ ಗಾಡಿ, ಜೀಪು ಕಟ್ಟುವವರು ಓದಲಿ ಅಂತ ಇದನ್ನು ಹಾಕುತ್ತಿದ್ದೇನೆ. ವೈರಿಂಗ್ ಕೆಲಸ ಬೇರೆಯವರಿಂದ ಮಾಡಿಸಿದವರಂತೂ ತಪ್ಪದೇ ಓದಿ.

ನಮ್ಮದು ಪೈಪ್ ಫ್ರೇಮಿನ ಬಗ್ಗಿ, ಹಳೇ ಮಾರುತಿ ಎಸ್ಟೀಮ್ ಕಾರಿನ ಎಂಪಿಎಫ್‌ಐ (ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ) ಎಂಜಿನ್. ಓಡೋದು ಕಾಫಿ ತೋಟದೊಳಗೆ ಮಾತ್ರ. ಡಾಂಬರು ರಸ್ತೆಗೆ ಇಳಿಸಿದರೆ ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ತಡೆ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆಯಲ್ಲ. ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್ ಗುಜರಿಯಿಂದ ಇನರ್ಷಿಯಾ ಸ್ವಿಚ್ (ಗಾಡಿ ಗುದ್ದಿದಾಗ ಫ್ಯೂಯಲ್ ಪಂಪಿನ ಕರೆಂಟು ಕಡಿಯುವ ಕಟ್-ಆಫ್) ತಂದು ಡ್ಯಾಶ್‌ಬೋರ್ಡಿಗೆ ಕೂರಿಸಿ, ಅದಕ್ಕೂ ದುಡ್ಡು ಎಣಿಸಿಕೊಂಡಿದ್ದ.

ಮಳೆ ಬಂದು ಜಾರುತ್ತಿದ್ದ ಇಳಿಜಾರಲ್ಲಿ ಚಿಕ್ಕಪ್ಪನ ಮಗ ಗಾಡಿಯನ್ನು ಸಿಲ್ವರ್ ಓಕ್ ಬುಡಕ್ಕೆ ಗುದ್ದಿದ. ಎಂಜಿನ್ ನಿಂತಿತು, ಫ್ಯೂಯಲ್ ರೇಲಿನ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಪೈಪಿನ) ಹೋಸ್ ಕಿತ್ತು ಬಂತು. ಆದರೆ ಹಿಂದಿನಿಂದ ಪಂಪಿನ ಗುಂಯ್ ಸದ್ದು ನಿಲ್ಲಲೇ ಇಲ್ಲ! ಬಿಸಿ ಮ್ಯಾನಿಫೋಲ್ಡ್ (ಎಂಜಿನ್ ಹೊಗೆ ಹೊರಹೋಗುವ ಪೈಪು) ಪಕ್ಕದಲ್ಲೇ ಪೆಟ್ರೋಲ್ ಪಿಚಕಾರಿ ಹಾರುತ್ತಿತ್ತು. "ಕೀ ತೆಗಿಯೋ!" ಅಂತ ಚಿಕ್ಕಪ್ಪ ಕಿರುಚಿದ ಮೇಲೆ ನಿಂತಿದ್ದು. ಹತ್ತಿಕೊಳ್ಳಲಿಲ್ಲ, ಅಷ್ಟೇ ಅದೃಷ್ಟ. ಗಂಟೆಗೆ 80 ಲೀಟರ್ ತಳ್ಳುವ ಪಂಪ್ ಅಂದರೆ ನಿಮಿಷಕ್ಕೆ ಲೀಟರಿಗೂ ಮೇಲೆ, ಲೆಕ್ಕ ಹಾಕಿಕೊಳ್ಳಿ.

ಡ್ಯಾಶ್ ಬಿಚ್ಚಿದರೆ, ಸ್ವಿಚ್ಚಿಗೆ ಹೋಗುವ ಎರಡೂ ವೈರು ಕತ್ತರಿಸಿ ಒಂದಕ್ಕೊಂದು ಹೊಸೆದು ಕಪ್ಪು ಟೇಪ್ ಸುತ್ತಿದ್ದಾನೆ ಪುಣ್ಯಾತ್ಮ. ಕೇಳಿದ್ದಕ್ಕೆ, "ಗುಂಡಿಗೆ ಇಳಿದಾಗೆಲ್ಲ ಆಫ್ ಆಗ್ತಿತ್ತು ಸಾರ್, ನಿಮಗೆ ತೊಂದ್ರೆ ಯಾಕೆ ಅಂತ ಡೈರೆಕ್ಟ್ ಕೊಟ್ಟೆ" ಅಂದ.

ಆಫ್ ಆಗದೇ ಇನ್ನೇನು? ಅದರೊಳಗೆ ಅಯಸ್ಕಾಂತ ಹಿಡಿದಿಟ್ಟ ಉಕ್ಕಿನ ಗುಂಡು ಇರುತ್ತೆ. ಗಾಡಿ ಗುದ್ದಿದಾಗ ಗುಂಡು ಬಿಡಿಸಿಕೊಂಡು ಮೇಲಕ್ಕೆ ಹಾರಿ ಕಾಂಟ್ಯಾಕ್ಟ್ ತಪ್ಪಿಸುತ್ತದೆ. ತೆಳು ತಗಡಿನ ಮೇಲೆ ಕೂರಿಸಿದರೆ ತಗಡು ಅದುರಿದಾಗಲೂ ಹಾರುತ್ತೆ. ಫ್ರೇಮಿಗೆ ಬೆಸೆದ ದಪ್ಪ ಬ್ರಾಕೆಟ್ ಮೇಲೆ, ರೀಸೆಟ್ ಗುಂಡಿ (ಒತ್ತಿದರೆ ಸ್ವಿಚ್ ಮತ್ತೆ ಆನ್ ಆಗುವ ಬಟನ್) ಮೇಲ್ಮುಖವಾಗಿ, ನೆಟ್ಟಗೆ ಬೋಲ್ಟ್ ಮಾಡಬೇಕು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಕಂಪನಿ ಗಾಡಿಯಲ್ಲಿ ಪಂಪಿನ ರಿಲೇ (ಪಂಪಿಗೆ ಕರೆಂಟು ಬಿಡುವ ಸ್ವಿಚ್) ಇಸಿಯು ಅಂದರೆ ಎಂಜಿನ್ ಕಂಪ್ಯೂಟರ್ ಹಿಡಿತದಲ್ಲಿರುತ್ತೆ, ಎಂಜಿನ್ ತಿರುಗುವ ಸಿಗ್ನಲ್ ನಿಂತರೆ ಪಂಪೂ ನಿಲ್ಲುತ್ತೆ. ಈತ ರಿಲೇಗೆ ಇಗ್ನಿಷನ್‌ನಿಂದಲೇ ನೇರ ಕರೆಂಟು ಕೊಟ್ಟಿದ್ದ. ಹೀಗೆ ಎರಡೂ ಕಾವಲು ಹೋಗಿತ್ತು.

ನಿಮ್ಮ ಗಾಡಿಯಲ್ಲಿ ಈಗಲೇ ನೋಡಿ. ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಎಂಪಿಎಫ್‌ಐ ಆದರೆ ಪಂಪ್ ಎರಡು ಮೂರು ಸೆಕೆಂಡು ಗುಂಯ್ ಅಂದು ಸುಮ್ಮನಾಗಬೇಕು. ಸುಮ್ಮನಾಗದಿದ್ದರೆ ಡೈರೆಕ್ಟ್ ಕೊಟ್ಟಿದ್ದಾರೆ ಅಂತಲೇ ಅನುಮಾನಿಸಿ. ಆಮೇಲೆ ಎಂಜಿನ್ ಐಡಲ್‌ನಲ್ಲಿ ಬಿಟ್ಟು, ಬ್ರಾಕೆಟ್ಟಿಂದ ಬಿಚ್ಚಿದ ಸ್ವಿಚ್ಚನ್ನು ವೈರು ಸಮೇತ ಅಂಗೈಗೆ ಜೋರಾಗಿ ಬಡಿಯಿರಿ. ಎಂಜಿನ್ ಸಾಯಬೇಕು. ಸಾಯದಿದ್ದರೆ ಟೇಪ್ ಸುತ್ತಿದ ಜಾಗ ಹುಡುಕಿ. ಗುದ್ದಿದ ಗಾಡಿಯಲ್ಲಂತೂ ಹೋಸ್, ಪೈಪು ಎಲ್ಲ ಕಣ್ಣಾರೆ ನೋಡುವ ತನಕ ರೀಸೆಟ್ ಒತ್ತಬೇಡಿ.