ಎಚ್‌ಡಿ 560ಎಸ್ ಮತ್ತು ಒಂದು ಬಿಡಿ ಮೈಕ್: ಆಟಕ್ಕೂ ಸಂಗೀತಕ್ಕೂ ಸಾಕಾಗುತ್ತದೆಯೇ?

‘ಗೇಮಿಂಗ್’ ಎಂದು ಹಣೆಪಟ್ಟಿ ಹಚ್ಚಿದ ಹೆಡ್‌ಸೆಟ್ ಕೊಂಡಾಗ ನಮ್ಮ ದುಡ್ಡು ನಾಲ್ಕು ಕಡೆ ಹಂಚಿಹೋಗುತ್ತದೆ: ಬಣ್ಣದ ದೀಪಗಳಿಗೆ, ಮೈಕ್‌ಗೆ, 7.1 (ಸುತ್ತ ಎಲ್ಲ ಕಡೆಯಿಂದ ಸದ್ದು ಬಂದಂತೆ ಅನಿಸುವ ಸರೌಂಡ್) ಎನ್ನುವ ಅಂಕಿಗೆ, ಮಿಕ್ಕಿದ್ದು ಕಿವಿಗೆ. ನಾನು ದುಡ್ಡನ್ನೆಲ್ಲ ಮೊದಲು ಕಿವಿಗೇ ಹಾಕಿ, ಉಳಿದ ಚಿಲ್ಲರೆಯಲ್ಲಿ ಮೈಕ್ ಬೇರೆ ಕೊಂಡೆ. ಕೆಲವು ವರ್ಷಗಳಿಂದ ಆಟಕ್ಕೂ ಸಂಗೀತಕ್ಕೂ ನನ್ನ ತಲೆ ಮೇಲಿರುವುದು ಸೆನ್‌ಹೈಸರ್ ಎಚ್‌ಡಿ 560ಎಸ್ ಎಂಬ ಹೆಡ್‌ಫೋನ್. ಇದು ಗೇಮಿಂಗ್ ಹೆಡ್‌ಸೆಟ್ ಅಲ್ಲ, ಇದಕ್ಕೆ ಮೈಕೂ ಇಲ್ಲ. ಆದರೂ ಎರಡೂ ಕೆಲಸಕ್ಕೆ ಒಂದೇ ಸಾಧನ ಹುಡುಕುವವರಿಗೆ ನಾನು ತೋರಿಸುವುದು ಇದೇ ದಾರಿ.

ಮಾದರಿ 2020ರದ್ದು. ತೂಕ ಕೇಬಲ್ ಬಿಟ್ಟು ಸುಮಾರು 240 ಗ್ರಾಂ. ಓಪನ್ ಬ್ಯಾಕ್, ಅಂದರೆ ಕಪ್‌ಗಳ ಹೊರಮೈ ಮುಚ್ಚಿಲ್ಲ, ಜಾಲರಿ ಇದೆ, ಗಾಳಿಯೂ ಸದ್ದೂ ಒಳಗೆ ಹೊರಗೆ ಓಡಾಡುತ್ತವೆ. ಡ್ರೈವರ್, ಅಂದರೆ ಸದ್ದು ಹುಟ್ಟಿಸುವ ಒಳಗಿನ ಪುಟ್ಟ ಸ್ಪೀಕರ್, 38 ಮಿಲಿಮೀಟರ್. ಗೇಮಿಂಗ್ ಹೆಡ್‌ಸೆಟ್ ಜಾಹೀರಾತುಗಳಲ್ಲಿ ‘50 ಎಂಎಂ ಡ್ರೈವರ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಆ ಅಳತೆ ನೋಡಿ ಧ್ವನಿಯ ಗುಣ ಹೇಳಲು ಬರುವುದಿಲ್ಲ. ಡ್ರೈವರನ್ನು ಹೇಗೆ ಕೂರಿಸಿದ್ದಾರೆ, ಯಾವ ಸ್ವರಕ್ಕೆ ಎಷ್ಟು ಒತ್ತು ಕೊಟ್ಟು ಹೊಂದಿಸಿದ್ದಾರೆ ಎನ್ನುವುದರಲ್ಲೇ ಎಲ್ಲ ಇದೆ. ಇದರಲ್ಲಿ ಡ್ರೈವರ್‌ಗಳು ಕಿವಿಗೆ ನೇರವಾಗಿಲ್ಲ, ಸ್ವಲ್ಪ ಓರೆಯಾಗಿವೆ. ಮುಂದೆ ಇಟ್ಟ ಸ್ಪೀಕರ್‌ನಿಂದ ಕೇಳಿದ ಹಾಗೆ ಅನಿಸಲಿ ಎಂಬ ಉದ್ದೇಶ.

ಈಗ ಎಲ್ಲರೂ ಕೇಳುವ ಪ್ರಶ್ನೆ: 7.1 ಇಲ್ಲದೆ ಶತ್ರು ಯಾವ ಕಡೆಯಿಂದ ಬಂದ ಎಂದು ಗೊತ್ತಾಗುತ್ತದೆಯೇ? ನಮಗಿರುವುದು ಎರಡೇ ಕಿವಿ, ಅದರಲ್ಲೇ ದಿಕ್ಕು ಹಿಡಿಯುತ್ತೇವೆ. ಎಡಗಡೆಯ ಸದ್ದು ಎಡಗಿವಿಗೆ ಒಂದು ಚೂರು ಮೊದಲು ಮುಟ್ಟುತ್ತದೆ. ಆ ಅಂತರ ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ, ಆದರೂ ಮಿದುಳು ಅದನ್ನು ಅಳೆಯುತ್ತದೆ. ಎತ್ತರದ ಸ್ವರಗಳಿಗಾದರೆ ತಲೆಯೇ ಅಡ್ಡ ಬಂದು ಬಲಗಿವಿಗೆ ಸದ್ದು ಕಮ್ಮಿ ಬೀಳುತ್ತದೆ. ಭೌತವಿಜ್ಞಾನಿ ಲಾರ್ಡ್ ರೇಲಿ 1907ರಲ್ಲೇ ಇದನ್ನು ವಿವರಿಸಿದ್ದರು. ಮುಂದೆ-ಹಿಂದೆ, ಮೇಲೆ-ಕೆಳಗೆ ಎನ್ನುವುದನ್ನು ತಿಳಿಸುವುದು ಮುಖ್ಯವಾಗಿ ಹೊರಗಿವಿಯ ಮಡಿಕೆಗಳು. ಇವೆಲ್ಲವನ್ನೂ ಲೆಕ್ಕ ಹಾಕಿ ಎರಡು ಚಾನೆಲ್‌ನಲ್ಲೇ ದಿಕ್ಕು ಹುಟ್ಟಿಸುವ ವಿಧಾನಕ್ಕೆ ಎಚ್‌ಆರ್‌ಟಿಎಫ್ ಎನ್ನುತ್ತಾರೆ. ವ್ಯಾಲರಂಟ್ ಎಂಬ ಶೂಟಿಂಗ್ ಆಟದ ಆಡಿಯೊ ಸೆಟ್ಟಿಂಗ್‌ನಲ್ಲಿ ಇದೇ ಹೆಸರಿನ ಆಯ್ಕೆ ಇದೆ. ಸದ್ದು ಎಲ್ಲಿ ಹುಟ್ಟಿತು, ನೀವು ಎಲ್ಲಿ ನಿಂತಿದ್ದೀರಿ ಎಂಬುದು ಆಟಕ್ಕೇ ಗೊತ್ತಿರುವುದರಿಂದ ಈ ಲೆಕ್ಕವನ್ನು ಅದಕ್ಕಿಂತ ಚೆನ್ನಾಗಿ ಮಾಡುವವರು ಬೇರೆ ಇಲ್ಲ. ಅದರ ಮೇಲೆ ಹೆಡ್‌ಸೆಟ್ ಸಾಫ್ಟ್‌ವೇರ್‌ನ ವರ್ಚುವಲ್ 7.1 ಅಥವಾ ವಿಂಡೋಸ್‌ನಲ್ಲೇ ಇರುವ ಸೋನಿಕ್ ಎಂಬ ಸರೌಂಡ್ ಆಯ್ಕೆ ಹಾಕಿದರೆ ಒಂದೇ ಸದ್ದಿಗೆ ಎರಡೆರಡು ಸಲ ದಿಕ್ಕು ಬಳಿದಂತಾಗಿ ಎಲ್ಲ ಕಲಸಿಹೋಗುತ್ತದೆ. ಎರಡರಲ್ಲಿ ಒಂದು ಮಾತ್ರ ಇರಲಿ. ನನ್ನದು ಸದಾ ಬರೀ ಸ್ಟೀರಿಯೊ, ಉಳಿದದ್ದು ಆಟದ ಪಾಲಿಗೆ.

ಹೆಜ್ಜೆ ಸದ್ದಿನ ವಿಷಯದಲ್ಲಿ ಇನ್ನೊಂದು ಮಾತು. ಬಾಂಬು ಸಿಡಿದಾಗ ಎದೆ ನಡುಗಲಿ ಎಂದು ಬಹಳಷ್ಟು ಗೇಮಿಂಗ್ ಹೆಡ್‌ಸೆಟ್‌ಗಳಲ್ಲಿ ಬೇಸ್ ಉಬ್ಬಿಸಿರುತ್ತಾರೆ. ಜೋರಾದ ತಗ್ಗು ಸ್ವರ ತನಗಿಂತ ಮೇಲಿನ ಸಣ್ಣ ಸದ್ದುಗಳನ್ನು ನುಂಗುತ್ತದೆ, ಇದು ಕಿವಿಯ ಸ್ವಭಾವ. ಸಿನಿಮಾ ತರಹದ ಆಟಕ್ಕೆ ಆ ಬೇಸ್ ಮಜಾ ಕೊಡುತ್ತದೆ, ಒಪ್ಪುತ್ತೇನೆ. ಆದರೆ ಗೋಡೆಯಾಚೆಯ ಹೆಜ್ಜೆ ಕೇಳಬೇಕಾದವರು ಆಗ ವಾಲ್ಯೂಮ್ ಏರಿಸುತ್ತಾರೆ, ಮರುಕ್ಷಣ ಗ್ರೆನೇಡ್ ಕಿವಿಯಲ್ಲೇ ಸಿಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ, 90ಕ್ಕೆ ಹೋದರೆ ಉಳಿಯುವುದು ಇಡೀ ವಾರಕ್ಕೆ ಸುಮಾರು 4 ಗಂಟೆ. 560ಎಸ್‌ನಲ್ಲಿ ತಗ್ಗು ಸ್ವರ ಹದವಾಗಿದೆ, ಹಾಗಾಗಿ ಕಡಿಮೆ ವಾಲ್ಯೂಮ್‌ನಲ್ಲೇ ಹೆಜ್ಜೆ, ಗನ್‌ಗೆ ಗುಂಡು ತುಂಬುವ ಸದ್ದು, ಬಾಗಿಲ ಕಿರುಗುಟ್ಟು ಬೇರೆ ಬೇರೆಯಾಗಿ ಸಿಗುತ್ತವೆ. ನನಗೆ ಇದರ ಅತಿ ದೊಡ್ಡ ಲಾಭ ಇದೇ.

ಸಂಗೀತಕ್ಕೆ ಬಂದರೆ, ಯಾವುದೇ ಹೆಡ್‌ಫೋನ್ ಕೈಗೆ ಬಂದರೂ ನಾನು ಮೊದಲು ಹಾಕುವುದು ಬರೀ ತಂಬೂರಿಯ ಒಂದು ರೆಕಾರ್ಡಿಂಗ್. ಮೂಲ ಶ್ರುತಿಯ ಮೇಲೆ ಸಣ್ಣದಾಗಿ ಏಳುವ ಸ್ವರಗಳ ಸಾಲು ಸಾಲು ಕೇಳಿಸಬೇಕು. ಕೆಲವು ಹೆಡ್‌ಸೆಟ್‌ಗಳಲ್ಲಿ ಅದು ಬರೀ ಗುಂಯ್ ಎನ್ನುತ್ತದೆ, ಕೆಲವದರಲ್ಲಿ ತಗಡಿನ ಝೇಂಕಾರ. ಇಲ್ಲಿ ಎಳೆ ಎಳೆ ಬಿಡಿಸಿಕೊಳ್ಳುತ್ತದೆ. ಹಾಡುವವರ ಉಸಿರು, ಪಿಟೀಲಿನ ಕಮಾನು ತಿರುಗುವ ಜಾಗ ಸ್ಪಷ್ಟ. ತಬಲಾದ ಡಗ್ಗಾ ಅಥವಾ ಎಲೆಕ್ಟ್ರಾನಿಕ್ ಸಂಗೀತದ ತೀರಾ ಕೆಳಗಿನ ಬೇಸ್ ಮಾತ್ರ ಓಪನ್ ಬ್ಯಾಕ್ ಜಾತಿಗೇ ಸ್ವಲ್ಪ ತೆಳು, ಗಾಳಿ ಸೋರಿಹೋಗುವಲ್ಲಿ ಆ ಒತ್ತಡ ನಿಲ್ಲುವುದಿಲ್ಲ. ಅದಕ್ಕೆ ಮದ್ದು ಇದೆ. ವಿಂಡೋಸ್‌ನಲ್ಲಿ ಈಕ್ವಲೈಸರ್ ಎಪಿಒ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು 100 ಹರ್ಟ್ಸ್‌ಗಿಂತ ಕೆಳಗೆ ಮೂರು-ನಾಲ್ಕು ಡೆಸಿಬೆಲ್ ಏರಿಸಿ, ಅಷ್ಟನ್ನೇ ಪ್ರೀಆಂಪ್‌ನಲ್ಲಿ (ಅದರಲ್ಲೇ ಇರುವ, ಒಟ್ಟು ಸದ್ದಿನ ಮಟ್ಟದ ಆಯ್ಕೆ) ಇಳಿಸಿದರೆ ಆಯಿತು. ಇಳಿಸುವುದನ್ನು ಮರೆತರೆ ಜೋರಿನ ಜಾಗಗಳಲ್ಲಿ ಸದ್ದು ಒಡೆಯುತ್ತದೆ. ಸಂಗೀತಕ್ಕೊಂದು, ಆಟಕ್ಕೊಂದು ಎಂದು ನಾನು ಎರಡು ಪ್ರೊಫೈಲ್ ಇಟ್ಟುಕೊಂಡಿದ್ದೇನೆ. ಆಟದ್ದರಲ್ಲಿ ಈ ಬೇಸ್ ಇಲ್ಲ.

ಮೈಕ್ ಬೇರೆ ಇರುವುದು ತಲೆನೋವಲ್ಲವೇ ಎನ್ನುವವರಿಗೆ: ಒಂದು ಕೇಬಲ್ ಜಾಸ್ತಿ, ಅಷ್ಟೆ. ಮೇಜಿನ ಮೇಲಿಡುವ ಯುಎಸ್‌ಬಿ ಮೈಕ್ ಆಗಬಹುದು, ಕಪ್‌ಗೆ ಅಯಸ್ಕಾಂತದಿಂದ ಅಂಟುವ ಕಡ್ಡಿ ಮೈಕ್‌ಗಳೂ ಬರುತ್ತವೆ. ಕಡ್ಡಿ ಮೈಕ್ ಬಾಯಿಗೆ ಹತ್ತಿರ ಇರುವುದರಿಂದ ಕೀಬೋರ್ಡ್ ಸದ್ದು ಕಡಿಮೆ ಹಿಡಿಯುತ್ತದೆ, ನನ್ನ ಆಯ್ಕೆ ಅದೇ. ಓಪನ್ ಬ್ಯಾಕ್ ಆದ್ದರಿಂದ ನನ್ನ ಮಾತು ನನಗೆ ಸಹಜವಾಗಿ ಕೇಳುತ್ತದೆ. ಕಿವಿ ಮುಚ್ಚಿದ ಹೆಡ್‌ಸೆಟ್ ಹಾಕಿಕೊಂಡವರು ಕಿರುಚುವುದು ಯಾಕೆಂದು ಮನೆಯವರನ್ನು ಕೇಳಿದರೆ ಗೊತ್ತಾಗುತ್ತದೆ. ಇನ್ನೊಂದು ಅನುಕೂಲ, ಮೈಕ್ ಕೆಟ್ಟರೆ ಮೈಕ್ ಮಾತ್ರ ಬದಲಿಸಿದರೆ ಸಾಕು.

ವೈರ್ ಯಾಕೆ, ಬ್ಲೂಟೂತ್ ಕಾಲ ಇದು ಎಂದು ಗೆಳೆಯರು ಕಿಚಾಯಿಸುತ್ತಾರೆ. ಸಂಗೀತ ಕೇಳುವಷ್ಟಕ್ಕೆ ಬ್ಲೂಟೂತ್ ಚೆನ್ನ. ಆಟಕ್ಕೆ ಎರಡು ತೊಡಕು. ಒಂದು ತಡ: ಮಾಮೂಲಿ ಬ್ಲೂಟೂತ್‌ನಲ್ಲಿ ಸದ್ದು 150 ಮಿಲಿಸೆಕೆಂಡ್‌ಗಿಂತ ಹೆಚ್ಚು ಹಿಂದೆ ಬೀಳುವುದು ಸಾಮಾನ್ಯ, ಗುಂಡು ತಗುಲಿದ ಮೇಲೆ ಸದ್ದು ಬರುತ್ತದೆ. ಎರಡನೆಯದು ಇನ್ನೂ ಕಿರಿಕಿರಿ: ಅದೇ ಹೆಡ್‌ಸೆಟ್‌ನ ಮೈಕ್ ಆನ್ ಮಾಡಿದ ಕೂಡಲೇ ಸಂಪರ್ಕ ಫೋನ್ ಕರೆಯ ಪ್ರೊಫೈಲ್‌ಗೆ ಜಿಗಿಯುತ್ತದೆ. ಆಗ ಸ್ಟೀರಿಯೊ ಹೋಗಿ ಒಂದೇ ಚಾನೆಲ್, ಸೆಕೆಂಡಿಗೆ 8,000 ಅಥವಾ 16,000 ಸ್ಯಾಂಪಲ್, ಅಂದರೆ ಸದ್ದನ್ನು ಅಷ್ಟು ಸಲ ಅಳೆದ ಅಂಕಿಗಳು. ಸಿಡಿಯಲ್ಲಿ ಅದು 44,100. ಹೆಡ್‌ಸೆಟ್ ಎಷ್ಟೇ ದುಬಾರಿಯಾಗಿರಲಿ, ಗೆಳೆಯರೊಡನೆ ಮಾತಾಡಲು ಡಿಸ್ಕಾರ್ಡ್ ಆ್ಯಪ್ ತೆರೆದ ತಕ್ಷಣ ಸದ್ದು ಹಳೆಯ ಟೆಲಿಫೋನಿನಂತೆ ಆಗುವುದಕ್ಕೆ ಕಾರಣ ಇದು. ಎಲ್‌ಇ ಆಡಿಯೊ ಎಂಬ ಹೊಸ ಬ್ಲೂಟೂತ್ ವಿಧಾನ ಇದಕ್ಕೆ ಪರಿಹಾರವೇ, ಆದರೆ ಕಂಪ್ಯೂಟರ್ ಮತ್ತು ಹೆಡ್‌ಸೆಟ್ ಎರಡರಲ್ಲೂ ಅದು ಇರಬೇಕು. ಪ್ಲೇಸ್ಟೇಷನ್ 5ಕ್ಕಂತೂ ಬ್ಲೂಟೂತ್ ಹೆಡ್‌ಫೋನ್ ನೇರವಾಗಿ ಸೇರುವುದೇ ಇಲ್ಲ. ವೈರ್ ಬೇಡವೇ ಬೇಡ ಎನ್ನುವವರು 2.4 ಗಿಗಾಹರ್ಟ್ಸ್ ಡಾಂಗಲ್ (ಕಂಪ್ಯೂಟರ್‌ಗೆ ಚುಚ್ಚುವ ಪುಟ್ಟ ರೇಡಿಯೊ ತುಣುಕು) ಇರುವುದನ್ನು ನೋಡಿ. ಅದರಲ್ಲಿ ತಡ ಗಮನಕ್ಕೆ ಬರುವಷ್ಟಿಲ್ಲ. ಆದರೆ ಬ್ಯಾಟರಿಗೆ ಆಯಸ್ಸು ಇದೆ, ಸುಲಭವಾಗಿ ಬದಲಿಸಲು ಬರುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಬೇಕು.

ತೊಡುವ ಸುಖದ ಬಗ್ಗೆ. ನನ್ನ ಹಿಂದಿನ ಹೆಡ್‌ಸೆಟ್‌ನ ಕೃತಕ ಚರ್ಮ ಸಿಪ್ಪೆ ಎದ್ದು ಕಪ್ಪು ಚೂರುಗಳು ಕೆನ್ನೆಗೆ ಅಂಟುತ್ತಿದ್ದವು. ಇದರ ಮೆತ್ತೆ ಮಖಮಲ್ಲಿನಂಥ ಬಟ್ಟೆ, ಕಿವಿ ಬೆವರುವುದು ಕಡಿಮೆ, ಕನ್ನಡಕದ ಕಡ್ಡಿ ಒತ್ತುವುದೂ ಕಡಿಮೆ. ಯಾವ ಮೆತ್ತೆಯಾದರೂ ಕಾಲ ಕಳೆದಂತೆ ಚಪ್ಪಟೆಯಾಗುತ್ತದೆ, ಕಿವಿ ಡ್ರೈವರ್‌ಗೆ ಹತ್ತಿರವಾಗಿ ಧ್ವನಿಯೂ ಬದಲಾಗುತ್ತದೆ. ಇದರಲ್ಲಿ ಮೆತ್ತೆ ಎಳೆದು ತೆಗೆದು ಹೊಸದು ಕೂರಿಸಬಹುದು, ಕೇಬಲ್ ಕೂಡ ತಿರುಗಿಸಿ ಬಿಚ್ಚಬಹುದು. ಆ ಕೇಬಲ್ 3 ಮೀಟರ್ ಇದೆ! ಸ್ಟುಡಿಯೊಗೆ ಸರಿ, ಮೇಜಿನ ಮುಂದೆ ಕೂತವರಿಗೆ ಕುರ್ಚಿಯ ಚಕ್ರಕ್ಕೆ ಸಿಕ್ಕುವಷ್ಟು ಉದ್ದ. ತುದಿಯಲ್ಲಿರುವುದು 6.35 ಮಿಲಿಮೀಟರ್ ಪಿನ್, 3.5ಕ್ಕೆ ಇಳಿಸುವ ಅಡಾಪ್ಟರ್ ಜೊತೆಗೇ ಕೊಡುತ್ತಾರೆ. ನಾನು ಗಿಡ್ಡ ಕೇಬಲ್ ಹಾಕಿಕೊಂಡಿದ್ದೇನೆ.

ಆಂಪ್, ಅಂದರೆ ಸದ್ದಿಗೆ ಬಲ ಕೊಡುವ ಪೆಟ್ಟಿಗೆ, ಬೇಕೇ? ಇಂಪೀಡನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 120 ಓಮ್ ಎಂದು ಓದಿ ಹೆದರುವವರಿದ್ದಾರೆ. ಇದರ ಸೂಕ್ಷ್ಮತೆ, ಅಂದರೆ ಕಡಿಮೆ ವಿದ್ಯುತ್ತಿನಲ್ಲೇ ಜೋರು ಕೊಡುವ ಗುಣ, ಚೆನ್ನಾಗಿರುವುದರಿಂದ ಮಾಮೂಲಿ ಕಂಪ್ಯೂಟರ್ ಜ್ಯಾಕ್‌ನಲ್ಲೇ ಸಾಕಷ್ಟು ಜೋರು ಬರುತ್ತದೆ. ಕ್ಯಾಬಿನೆಟ್ಟಿನ ಮುಂದಿನ ಜ್ಯಾಕ್‌ನಲ್ಲಿ ಸುಂಯ್ ಎನ್ನುವ ಸದ್ದು ಕೇಳಿದರೆ ಹಿಂದಿನದಕ್ಕೆ ಹಾಕಿ ನೋಡಿ, ಆಗಲೂ ಹೋಗದಿದ್ದರೆ ಒಂದು ಸಣ್ಣ ಯುಎಸ್‌ಬಿ ಡ್ಯಾಕ್ (ಕಂಪ್ಯೂಟರಿನ ಅಂಕಿಗಳನ್ನು ಹೊರಗಡೆಯೇ ಸದ್ದಿನ ಸಂಕೇತವಾಗಿ ಬದಲಿಸುವ ಸಾಧನ). 250 ಓಮ್‌ನ ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ ತರಹದ್ದಕ್ಕಾದರೆ ಆಂಪ್ ಯೋಚಿಸಬೇಕಾದ ವಿಷಯ.

ಇದನ್ನು ಕೊಳ್ಳಬಾರದವರೂ ಇದ್ದಾರೆ. ಅದೇ ಕೋಣೆಯಲ್ಲಿ ಯಾರಾದರೂ ಮಲಗುತ್ತಿದ್ದರೆ ನಿಮ್ಮ ಆಟ ಅವರಿಗೂ ಕೇಳುತ್ತದೆ; ಫ್ಯಾನು, ಟಿವಿ, ಮಕ್ಕಳ ಗಲಾಟೆ ನಿಮಗೂ ಕೇಳುತ್ತದೆ. ಅಂಥವರಿಗೆ ಕ್ಲೋಸ್ಡ್ ಬ್ಯಾಕ್ ಬೇಕು. ಡಿಟಿ 770 ಪ್ರೊನಂಥ ಕ್ಲೋಸ್ಡ್ ಹೆಡ್‌ಫೋನ್‌ಗೂ ಇದೇ ಬಿಡಿ ಮೈಕ್ ಉಪಾಯ ನಡೆಯುತ್ತದೆ. ದಾರಿಯಲ್ಲಿ, ಪ್ರಯಾಣದಲ್ಲಿ ಕೇಳುವವರಿಗೂ ಓಪನ್ ಬ್ಯಾಕ್ ನಿರುಪಯೋಗಿ. ಸಂಗೀತದ ಹುಚ್ಚಿಲ್ಲದೆ ವಾರಾಂತ್ಯದಲ್ಲಿ ಗೆಳೆಯರ ಜೊತೆ ನಾಲ್ಕು ರೌಂಡ್ ಆಡುವವರಿಗೆ ಇಷ್ಟೆಲ್ಲ ಬೇಕಿಲ್ಲ, ಮೈಕ್ ಸಮೇತ ಬರುವ ಸಾದಾ ವೈರ್ಡ್ ಹೆಡ್‌ಸೆಟ್ ಸಾಕು. ಅದನ್ನು ಕೊಳ್ಳುವಾಗಲೂ ಮೆತ್ತೆ ಬಿಡಿಯಾಗಿ ಸಿಗುತ್ತದೆಯೇ, ಮೈಕ್ ಕಳಚುತ್ತದೆಯೇ ಎರಡನ್ನೂ ನೋಡಿಕೊಳ್ಳಿ.