ಹುಬ್ಬಳ್ಳಿಯ ಕಾರ್ಮಿಕ ಕಾನೂನು ಸಲಹಾ ಸೇವೆ: ಹಲವು ವರ್ಷ ಬಳಸಿದ ಮೇಲಿನ ಅಭಿಪ್ರಾಯ

ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ವಾಲ್ವ್ ಬಿಡಿಭಾಗಗಳ ಜಾಬ್ ವರ್ಕ್ ಮಾಡುವ ನಮ್ಮ ಘಟಕದಲ್ಲಿ ಮೂವತ್ತರ ಆಸುಪಾಸು ಕೆಲಸಗಾರರಿದ್ದಾರೆ. ಪಿಎಫ್, ಇಎಸ್‌ಐ ವಂತಿಗೆಯಿಂದ ಹಿಡಿದು ನೇಮಕಾತಿ ಪತ್ರ, ನೋಟಿಸುಗಳವರೆಗಿನ ಕೆಲಸವನ್ನು ಹುಬ್ಬಳ್ಳಿಯ ವಕೀಲೆಯೊಬ್ಬರ ಕಚೇರಿಗೆ ವಾರ್ಷಿಕ ಶುಲ್ಕದ ಮೇಲೆ ಒಪ್ಪಿಸಿ ಹಲವು ವರ್ಷಗಳಾದವು. ಪ್ರತಿ ತಿಂಗಳ 15ರೊಳಗೆ ಚಲನ್ ತುಂಬುವ ಕೆಲಸವನ್ನು ಊರಿನ ಯಾವ ಲೆಕ್ಕಪತ್ರದವರೂ ಮಾಡಿಕೊಡುತ್ತಾರೆ. ಈ ಕಚೇರಿಗೆ ಕೊಡುವ ಹಣ ಸಾರ್ಥಕವೆನಿಸುವುದು ಬೇರೆ ಕಾರಣಕ್ಕೆ: ಶುಲ್ಕ ಕೊಡುವ ಮಾಲೀಕನಿಗೂ ಅವರು ಮುಲಾಜಿಲ್ಲದೆ ಬೇಡವೆನ್ನುತ್ತಾರೆ.

ಲೇತ್ ಆಪರೇಟರ್ ಒಬ್ಬರು ಸುದ್ದಿಯಿಲ್ಲದೆ ಬಹುಕಾಲ ಗೈರಾದಾಗ, ಹಾಜರಿ ಪುಸ್ತಕದಿಂದ ಅವರ ಹೆಸರು ತೆಗೆದುಬಿಡೋಣವೆಂದು ನಮ್ಮ ಪಾಲುದಾರರು ಪಟ್ಟು ಹಿಡಿದಿದ್ದರು. ವಿಚಾರಣೆ ನಡೆಸದೆ, ಕೆಲಸಗಾರನ ಮಾತು ಕೇಳದೆ ಹಾಗೆ ಕೈಬಿಡುವಂತಿಲ್ಲವೆಂದು ಸುಪ್ರೀಂ ಕೋರ್ಟು 1993ರಲ್ಲೇ ಹೇಳಿದೆಯೆಂದು ವಕೀಲೆ ತಿಳಿಸಿ, ಮೊದಲು ರಿಜಿಸ್ಟರ್ ಅಂಚೆಯಲ್ಲಿ ನೋಟಿಸು, ಆಮೇಲೆ ಆಪಾದನಾ ಪತ್ರ, ಅದರ ನಂತರ ಹೊರಗಿನ ವಿಚಾರಣಾಧಿಕಾರಿ ಎಂಬ ಕ್ರಮವನ್ನು ಬರೆದುಕೊಟ್ಟರು. ವಿಚಾರಣೆಗೆ ಹಾಜರಾದ ಆಪರೇಟರ್ ಆಸ್ಪತ್ರೆಯ ಕಾಗದಗಳನ್ನು ತೋರಿಸಿದರು. ಗೈರಿನ ಅವಧಿಯನ್ನು ಸಂಬಳರಹಿತ ರಜೆಯೆಂದು ಪರಿಗಣಿಸಿ ಪ್ರಕರಣ ಅಲ್ಲಿಗೇ ಮುಗಿಯಿತು. ಅವರು ಈಗಲೂ ನಮ್ಮಲ್ಲಿದ್ದಾರೆ.

ಗ್ರಾಚ್ಯುಟಿಯ ವಿಷಯದಲ್ಲೂ ಹೀಗೆಯೇ. ಹದಿಮೂರು ವರ್ಷ ಎಂಟು ತಿಂಗಳು ದುಡಿದು ನಿವೃತ್ತರಾದವರೊಬ್ಬರ ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 18,200 ರೂಪಾಯಿ ಇತ್ತು. ನಮ್ಮ ಗುಮಾಸ್ತರು ಅದರ ಅರ್ಧವನ್ನು ಹದಿಮೂರರಿಂದ ಗುಣಿಸಿ 1,18,300 ಎಂದು ಬರೆದಿಟ್ಟಿದ್ದರು. ಕಾಯ್ದೆಯ ಪ್ರಕಾರ ತಿಂಗಳಿಗೆ 26 ದಿನವೆಂದು ಹಿಡಿದು ಹದಿನೈದು ದಿನದ ವೇತನ ಕೊಡಬೇಕು, ಆರು ತಿಂಗಳು ಮೀರಿದ ಭಾಗವನ್ನು ಪೂರ್ಣ ವರ್ಷವೆಂದೇ ಎಣಿಸಬೇಕು. ಆ ಲೆಕ್ಕದಲ್ಲಿ 1,47,000 ಆಗುತ್ತದೆ. ಅಷ್ಟನ್ನೇ ಮೂವತ್ತು ದಿನದೊಳಗೆ ಕೊಡಿಸಿದರು.

ಇದೇ ಕಚೇರಿ ನೌಕರರ ಪರವಾಗಿಯೂ ಪ್ರಕರಣ ನಡೆಸುತ್ತದೆ, ಆದರೆ ತಮ್ಮ ಕಕ್ಷಿದಾರ ಸಂಸ್ಥೆಯ ಎದುರು ಬಂದವರನ್ನು ಬೇರೆ ವಕೀಲರ ಬಳಿ ಕಳಿಸುತ್ತದೆ. ಗದಗಿನ ಖಾಸಗಿ ಶಾಲೆಯೊಂದರಿಂದ ನಿವೃತ್ತರಾದ ನನ್ನ ಅತ್ತಿಗೆಗೆ, ಶಿಕ್ಷಕರಿಗೆ ಗ್ರಾಚ್ಯುಟಿ ಇಲ್ಲವೆಂದು ಆಡಳಿತ ಮಂಡಳಿ ಹೇಳಿ ಕಳಿಸಿತ್ತು. 2009ರ ತಿದ್ದುಪಡಿಯು 1997ರ ಏಪ್ರಿಲ್ 3ರಿಂದಲೇ ಶಿಕ್ಷಕರನ್ನು ಕಾಯ್ದೆಯೊಳಗೆ ತಂದಿದೆ, ಸುಪ್ರೀಂ ಕೋರ್ಟು ಅದನ್ನು 2022ರಲ್ಲಿ ಎತ್ತಿಹಿಡಿದಿದೆ ಎಂದು ವಿವರಿಸಿದ ಒಂದು ನೋಟಿಸಿಗೇ ಹಣ ಬಂತು. ಮಾಲೀಕನಾದ ನನಗೆ ಹೇಳಿದ ಕಾನೂನನ್ನೇ ಅಲ್ಲಿ ನೌಕರಳ ಪರವಾಗಿ ಹೇಳಿದ್ದನ್ನು ನೋಡಿ ಇವರ ಮೇಲಿನ ನಂಬಿಕೆ ಗಟ್ಟಿಯಾಯಿತು.

ಕೊರತೆಗಳೂ ಇವೆ. ಚಲನಿನ ಗಡುವು ಹತ್ತಿರವಾದಾಗ ದೂರವಾಣಿಗೆ ಸಿಗುವುದೇ ಇಲ್ಲ. ಕುಂದಗೋಳ, ಕಲಘಟಗಿ ಕಡೆಯಿಂದ ಬರುವ ಕೆಲಸಗಾರರಿಗೆ ಇಂಗ್ಲಿಷ್ ನೋಟಿಸು ಕೊಟ್ಟು ಪ್ರಯೋಜನವಿಲ್ಲವೆಂದು ಪದೇ ಪದೇ ಕೇಳಿದ ಮೇಲಷ್ಟೇ ಕನ್ನಡ ಪ್ರತಿ ಬರತೊಡಗಿತು. 2025ರ ನವೆಂಬರ್ 21ರಿಂದ ಕಾರ್ಮಿಕ ಸಂಹಿತೆಗಳು ಜಾರಿಯಾಗಿ, ಒಟ್ಟು ಸಂಬಳದ ಅರ್ಧವನ್ನು ಮೀರಿದ ಭತ್ಯೆಯೂ ವೇತನದ ಲೆಕ್ಕಕ್ಕೆ ಸೇರುವಂತಾದಾಗ ಪರಿಷ್ಕೃತ ಪಗಾರ ಪಟ್ಟಿಯನ್ನೇನೋ ತಾವಾಗಿಯೇ ಕಳಿಸಿದರು, ಆದರೆ ಅದಕ್ಕೂ ಪ್ರತ್ಯೇಕ ಬಿಲ್ಲು ಬಂತು. ಕಾರ್ಮಿಕ ನ್ಯಾಯಾಲಯದ ಹಾಜರಾತಿ, ಧಾರವಾಡ ಹೈಕೋರ್ಟ್ ಪೀಠದ ಕೆಲಸ ವಾರ್ಷಿಕ ಶುಲ್ಕದಲ್ಲಿ ಸೇರಿಲ್ಲವೆಂಬುದೂ ಮೊದಲ ಒಪ್ಪಂದದಲ್ಲಿ ಇರಲಿಲ್ಲ. ಈ ಸಲದ ನವೀಕರಣ ಪತ್ರಕ್ಕೆ, ಯಾವುದಕ್ಕೆ ಎಷ್ಟೆಂಬ ಪಟ್ಟಿಯನ್ನು ಲಗತ್ತಿಸಿಕೊಂಡ ಮೇಲೆಯೇ ಸಹಿ ಹಾಕಿದ್ದೇನೆ.